ಹೂವೂ ಬೀಳಲಿಲ್ಲ, ಜೋಯಿಸರ ಮಾತೂ ಒಂದಾಗಲಿಲ್ಲ: ದೇವರೊಬ್ಬನನ್ನೇ ನಂಬಿ ತೀರ್ಮಾನ ಮಾಡೋದು ಹೇಗೆ?

ತೋಟದ ಕೂಸು

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಮ್ಮದು ಸಾಗರದ ಕಡೆ 2 ಎಕರೆ ಅಡಿಕೆ ತೋಟ. ನಾನೊಬ್ಬಳೇ ಮಗಳು, ಬೆಂಗಳೂರಲ್ಲಿ ಕೆಲಸ. ಅಪ್ಪಯ್ಯನಿಗೆ 71. ಹೋದ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧ ಫಸಲು ಉದುರಿತು. ಅದರ ಬೆನ್ನಿಗೇ ಎಲೆಚುಕ್ಕಿ ರೋಗ. ಈಗ ಮನೆಯಲ್ಲಿ ಮೂರು ಮಾತು ನಡೆಯುತ್ತಿದೆ. ತೋಟ ಮಾರೋದು, ಚೇಣಿಗೆ (ಫಸಲನ್ನು ಗುತ್ತಿಗೆಗೆ) ಕೊಡೋದು, ಇಲ್ಲಾ ನಾನು ಕೆಲಸ ಬಿಟ್ಟು ಊರಿಗೆ ಹೋಗೋದು.

ಅಪ್ಪಯ್ಯ ಜಾತಕ, ವಾಸ್ತು ಅಂತ ಹೋಗೋರಲ್ಲ. ಊರ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳೋದೊಂದೇ ಗೊತ್ತು. ಬಾವಿ ತೆಗೆಸುವಾಗಲೂ ಕೇಳಿದ್ದರು, ನನ್ನ ಮದುವೆಗೂ ಕೇಳಿದ್ದರು. "ಕೇಳೋದಿದ್ರೆ ಅವನನ್ನೇ ಕೇಳ್ತೇನೆ, ಮಧ್ಯದವರನ್ನಲ್ಲ" ಅನ್ನೋದು ಅವರ ಮಾತು.

ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಅರ್ಚಕರು ಹೂವಿನ ಎಸಳನ್ನು ನೀರಲ್ಲಿ ಅದ್ದಿ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಅಪ್ಪಯ್ಯ ಕೈಮುಗಿದು ನಿಂತರು. ಹತ್ತು ನಿಮಿಷ ಆಯ್ತು. ಅರ್ಧ ಗಂಟೆ ಆಯ್ತು. ದೀಪದ ಬೆಳಕಲ್ಲಿ ಎಸಳಿನ ಅಂಚು ಒಣಗಿ ಸುರುಳಿಕೊಳ್ಳೋದು ಕಾಣ್ತಿತ್ತು, ಒಂದೂ ಬೀಳಲಿಲ್ಲ. ನಮ್ಮ ಹಿಂದೆ ಯಾರೋ ಮಗು ಎತ್ತಿಕೊಂಡು ಕಾಯ್ತಿದ್ದರು. ಒಂದೂಕಾಲು ಗಂಟೆ ಆದಮೇಲೆ ಅರ್ಚಕರೇ "ಇವತ್ತು ಕೊಡೋ ಮನಸ್ಸಿಲ್ಲ ಕಾಣ್ತದೆ, ಇನ್ನೊಂದು ದಿನ ಬನ್ನಿ" ಅಂದರು. ಅಪ್ಪಯ್ಯ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಂಗಳದಲ್ಲಿ ಕಾಲು ತೊಳೀತಾ "ಕೂಸೇ, ದೇವ್ರು ಎಂತೂ ಹೇಳಿದ್ನಿಲ್ಲೆ" ಅಂದರು, ಅಷ್ಟೇ.

ಈ ಮಧ್ಯೆ ದೊಡ್ಡಪ್ಪನ ಮಗ ಇಬ್ಬರು ಜೋಯಿಸರನ್ನು ಕೇಳಿಕೊಂಡು ಬಂದ. ಒಬ್ಬರು ಮಾರಿಬಿಡಿ ಅಂದರಂತೆ. ಇನ್ನೊಬ್ಬರು ಎರಡು ವರ್ಷ ಮುಟ್ಟಲೇಬೇಡಿ ಅಂದರಂತೆ. ಶಾಂತಿಯ ಪಟ್ಟಿ ಮಾತ್ರ ಇಬ್ಬರೂ ಕೊಟ್ಟಿದ್ದಾರೆ.

ದೇವರೊಬ್ಬನ ಮೇಲೆ ಭಾರ ಹಾಕ್ತೀನಿ ಅನ್ನೋರು ನಿಜವಾಗಿ ಹೇಗೆ ತೀರ್ಮಾನ ಮಾಡ್ತೀರಿ? ನಂಬಿಕೆ ಇಲ್ಲದವರೂ ಬರೆಯಿರಿ. ಅಪ್ಪಯ್ಯನನ್ನು ಗೇಲಿ ಮಾತ್ರ ಮಾಡಬೇಡಿ.

ಗಾಳಿಗೋಪುರ

ಗೇಲಿ ಇಲ್ಲ. ನೀರು ಜಾಸ್ತಿ ಇದ್ರೆ ಎಸಳು ಬೇಗ ಜಾರುತ್ತೆ. ಕಮ್ಮಿ ಇದ್ರೆ ಒಣಗಿ ಕಲ್ಲಿಗೇ ಕಚ್ಚಿಕೊಳ್ಳುತ್ತೆ. ಅಂಚು ಒಣಗಿ ಸುರುಳಿಕೊಳ್ತಿತ್ತು ಅಂತ ನೀವೇ ಬರೆದಿದ್ದೀರಲ್ಲ. ಇದಕ್ಕಿಂತ ಜಾಸ್ತಿ ಅರ್ಥ ಹುಡುಕೋಕೆ ನನಗಂತೂ ಏನೂ ಕಾಣ್ತಿಲ್ಲ.

ಸುಮ್ನೆ ಬಂದೆ

ದೇವಸ್ಥಾನ ಯಾವುದು ಹೇಳಿ ಪ್ಲೀಸ್, ನಮ್ಮ ತಂಗಿ ಸಂಬಂಧದ ವಿಷಯ ಕೇಳಬೇಕಿತ್ತು.

ಹುಬ್ಬಳ್ಳಿ ಅಜ್ಜ

ತಂಗಿ, ನಿಮ್ಮ ತಂದೆಯವರ ಮಾತು ಕೇಳಿ ನಮ್ಮಪ್ಪ ನೆನಪಾದರು. ನಮ್ಮದು ಲಿಂಗವಂತರ ಮನೆ. ಪಂಚಾಂಗ ಒಳಗೆ ಬಂದಿದ್ದೇ ಇಲ್ಲ. "ಎಮ್ಮವರು ಬೆಸಗೊಂಡರೆ ಶುಭಲಗ್ನವೆನ್ನಿರಯ್ಯಾ" ಅಂತ ಬಸವಣ್ಣನವರ ಒಂದು ವಚನ ಅದೆ. ನಮ್ಮವರು ಬಂದು ಕೇಳಿದರೆ ರಾಶಿಕೂಟ ಅದೆ, ಚಂದ್ರಬಲ ಅದೆ, ತಾರಾಬಲ ಅದೆ ಅಂತ ಹೇಳಿಬಿಡ್ರಿ, ನಾಳೆಗಿಂತ ಇವತ್ತೇ ಚಲೋ ಅನ್ರಿ ಅಂತ ಜೋಯಿಸರಿಗೇ ಹೇಳ್ತಾರೆ. 12ನೇ ಶತಮಾನದಾಗ ಹಿಂಗ ಹೇಳೋದು ಸಣ್ಣ ಮಾತಲ್ಲ.

ನನ್ನ ಮದುವೆ 1978ರಲ್ಲಿ, ಅಮಾವಾಸ್ಯೆ ದಿನ. ನಮ್ಮಪ್ಪ ಬೇಕಂತಲೇ ಆ ದಿನ ಇಟ್ಟರು. ಛತ್ರ ಖಾಲಿ, ಬ್ಯಾಂಡಿನವರು ಅರ್ಧ ದುಡ್ಡಿಗೆ ಬಂದರು. ಹೆಣ್ಣಿನ ಕಡೆ ಒಬ್ಬ ಹಿರಿಯರು ಊಟ ಮಾಡದೆ ಎದ್ದು ಹೋದರು, ಅದೊಂದೇ ನಷ್ಟ.

ಆದರ ಒಂದು ಮಾತು. ವಚನ ಯಾವುದನ್ನು ಬಿಡಬೇಕು ಅಂತ ನನಗೆ ಕಲಿಸಿತು. ಹೊಲ ಮಾರೋ ಪ್ರಸಂಗ ಬಂದಾಗ ಯಾವುದನ್ನು ಹಿಡೀಬೇಕು ಅಂತ ಅದರಲ್ಲಿ ಹುಡುಕಿದೆ, ಸಿಗಲಿಲ್ಲ. ಇಡೀ ರಾತ್ರಿ ಅಂಗಳದಾಗ ಕುಂತಿದ್ದೆ. ಕಡೀಕೆ ಹೆಂಡತಿಯನ್ನು ಕೇಳಿದೆ.

ತೋಟದ ಕೂಸು

ಅಜ್ಜಾರೇ, ಅಜ್ಜಿ ಏನು ಹೇಳಿದರು?

ಹುಬ್ಬಳ್ಳಿ ಅಜ್ಜ

"ಮೂರು ದಿನದಿಂದ ನನ್ನನ್ನ ಬಿಟ್ಟು ಎಲ್ಲರನ್ನೂ ಕೇಳೀರಿ" ಅಂದಳು. ಹೊಲ ಮಾರಲಿಲ್ಲ.

ನಿರ್ವಾಹಕರು

24 ಗಂಟೆಯಲ್ಲಿ ಪರಿಹಾರ ಅಂತ ಗುರೂಜಿಯೊಬ್ಬರ ಫೋನ್ ನಂಬರ್ ಹಾಕಿದ್ದ ಕಾಮೆಂಟ್ ತೆಗೆದಿದ್ದೇವೆ. ಈ ಚರ್ಚೆಯಲ್ಲಿ ಇದು ಮೂರನೇದು. ದಯವಿಟ್ಟು ಹಾಕಬೇಡಿ.

ಗಂಧದ ಕೈ

ನಮ್ಮಪ್ಪ ಅರ್ಚಕರು, ಕರಾವಳಿ ಕಡೆ. ನಾನು ಅವರ ಕೈಕೆಳಗೆ ಗಂಧ ತೇಯ್ದು ಬೆಳೆದವನು, ಈಗ ಬೇರೆ ಕೆಲಸ. ಪ್ರಸಾದದ ಬಗ್ಗೆ ಒಳಗಿಂದ ನೋಡಿದ್ದನ್ನು ಹೇಳ್ತೇನೆ.

ಜನ ಹೂವು ಬೀಳೋದನ್ನೇ ನೋಡ್ತಾರೆ. ಅಪ್ಪನ ಕೆಲಸ ಅದಕ್ಕಿಂತ ಮುಂಚೆ ಶುರುವಾಗ್ತಿತ್ತು. ಬಂದವರನ್ನು ಹೊರಗೆ ಜಗಲಿಯಲ್ಲಿ ಕೂರಿಸಿ "ಎಂತ ಕೇಳ್ಬೇಕು, ಸರಿ ಹೇಳಿ" ಅಂತಿದ್ದರು. ಕೆಲವು ಪ್ರಶ್ನೆಗೆ ಎಸಳು ಮುಟ್ಟುತ್ತಲೇ ಇರಲಿಲ್ಲ. ಕಳವು ಮಾಡಿದ್ದು ಇಂಥವನಾ ಅಂತ ಕೇಳಿದರೆ ಆಗೋದಿಲ್ಲ. ಅಣ್ಣನ ಮೇಲೆ ಕೋರ್ಟಿಗೆ ಹೋಗ್ಲಾ ಅಂದರೆ ಆಗೋದಿಲ್ಲ. ಹುಟ್ಟೋದು ಗಂಡಾ ಹೆಣ್ಣಾ ಅಂದರೆ ಬೈದು ಕಳಿಸ್ತಿದ್ದರು. ಆಪರೇಷನ್ ಮಾಡಿಸಲಾ ಬೇಡ್ವಾ ಅಂತ ಒಬ್ಬರು ಬಂದಾಗ, "ಡಾಕ್ಟ್ರು ಹೇಳಿ ಆಯ್ತಲ್ಲ, ಇನ್ನು ಇವನನ್ನ ಯಾಕೆ ಸಾಕ್ಷಿಗೆ ಎಳೀತೀರಿ? ಧೈರ್ಯ ಕೇಳಿ, ಕುಂಕುಮ ತಗೊಂಡು ಹೋಗಿ" ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ.

ಎಷ್ಟೋ ಜನ ಜಗಲಿಯಲ್ಲೇ ಪ್ರಶ್ನೆ ಬದಲಾಯಿಸ್ತಿದ್ದರು. ಮಗನಿಗೆ ಆ ಹುಡುಗಿ ಆಗ್ತದಾ ಅಂತ ಬಂದವರು ಅರ್ಧ ಗಂಟೆ ಮಾತಾಡಿ, ಕೊನೆಗೆ ನಾನು ಒಪ್ಪಿಕೊಳ್ಳಲಾ ಅಂತ ಕೇಳಿದ್ದುಂಟು. ಹುಡುಗಿ ಅದೇ, ಪ್ರಶ್ನೆ ಬೇರೆ.

ಹಾಗಾಗಿ ಕೇಳ್ತೇನೆ. ನಿಮ್ಮ ಅಪ್ಪಯ್ಯ ಆವತ್ತು ಕೇಳಿದ್ದು ಎಂತ? ನೀವು ಬರೆದಿದ್ದರಲ್ಲಿ ಮೂರು ದಾರಿ ಇದೆ. ಹೂವಿಗೆ ಇರೋದು ಎರಡೇ ಪಕ್ಕ.

ಗಾಳಿಗೋಪುರ

ಇದು ಒಳ್ಳೇ ಪಾಯಿಂಟ್. ನಿಮ್ಮಪ್ಪ ಮಾಡ್ತಿದ್ದಿದ್ದು ಒಂಥರಾ ಕೌನ್ಸೆಲಿಂಗ್. ಹಾಗಾದ್ರೆ ಹೂವು ಯಾಕೆ ಬೇಕಿತ್ತು?

ಗಂಧದ ಕೈ

ಹೂವು ಇಲ್ಲದಿದ್ರೆ ಯಾರು ಜಗಲಿಗೆ ಬರ್ತಿದ್ರು ಮಾರಾಯ್ರೇ. (ಅಪ್ಪ ಇದನ್ನು ಒಪ್ಪೋದಿಲ್ಲ ಬಿಡಿ. ಅವರಿಗೆ ಹೂವೇ ಮುಖ್ಯ, ಮಾತು ಸುಮ್ಮನೆ.)

ತೋಟದ ಕೂಸು

ಅಪ್ಪಯ್ಯ ಏನು ಕೇಳಿದರು ಅಂತ ನನಗೆ ಗೊತ್ತಿರಲಿಲ್ಲ. ಮನಸ್ಸಲ್ಲೇ ಕೇಳಿಕೊಂಡಿದ್ದರು. ಇವತ್ತು ಫೋನ್ ಮಾಡಿ ಕೇಳ್ತೀನಿ.

ಭಾನುವಾರದ ಟೀಚರ್

ನಾನು ಕ್ರೈಸ್ತಳು, ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಮಾಡ್ತೀನಿ. ನಮ್ಮಲ್ಲಿ ಇದನ್ನು ದೇವರ ಚಿತ್ತ ತಿಳಿಯೋದು ಅಂತಾರೆ. "ಸ್ವಬುದ್ಧಿಯನ್ನೇ ಆಧಾರಮಾಡಿಕೊಳ್ಳದೆ ಪೂರ್ಣಮನಸ್ಸಿನಿಂದ ಯೆಹೋವನಲ್ಲಿ ಭರವಸವಿಡು" ಅನ್ನೋ ಜ್ಞಾನೋಕ್ತಿ ನಮ್ಮ ಮನೆ ಗೋಡೆ ಮೇಲೇ ಇದೆ.

ಹೂವಿನ ಪ್ರಸಾದ ಓದಿದಾಗ ನನಗೆ ಬೈಬಲ್ಲಿನ ಗಿದ್ಯೋನ ನೆನಪಾದ. ಕಣದಲ್ಲಿ ಉಣ್ಣೆ ಹಾಸಿ, ಬೆಳಿಗ್ಗೆ ಉಣ್ಣೆ ಮಾತ್ರ ಇಬ್ಬನಿಯಲ್ಲಿ ನೆನೆದಿರಲಿ, ಸುತ್ತ ನೆಲ ಒಣಗಿರಲಿ ಅಂತ ದೇವರನ್ನು ಕೇಳ್ತಾನೆ. ಹಾಗೇ ಆಗುತ್ತೆ. ಹಿಂಡಿದರೆ ಬಟ್ಟಲು ತುಂಬ ನೀರು. ಆದರೂ ಸಮಾಧಾನ ಇಲ್ಲ! ಮಾರನೇ ರಾತ್ರಿ ಉಲ್ಟಾ ಮಾಡಿ ತೋರಿಸು ಅಂತಾನೆ. ಮಕ್ಕಳು ಇಲ್ಲಿ ಯಾವಾಗಲೂ ನಗ್ತಾರೆ. ಗಮನಿಸಿ ನೋಡಿದ್ರೆ ಏನು ಮಾಡಬೇಕು ಅಂತ ದೇವರು ಅವನಿಗೆ ಮೊದಲೇ ಹೇಳಿ ಆಗಿರುತ್ತೆ. ಅವನು ಕೇಳ್ತಿರೋದು ಧೈರ್ಯಕ್ಕೆ.

ಇನ್ನು ನಮ್ಮಜ್ಜಿಯ ಕಥೆ. ಕಣ್ಣು ಮುಚ್ಚಿ ಬೈಬಲ್ ತೆಗೆದು ಬೆರಳಿಟ್ಟ ಕಡೆ ಸಿಕ್ಕಿದ ವಾಕ್ಯವೇ ಆ ದಿನದ ಉತ್ತರ. ಒಂದ್ಸಲ ಹಸು ಮಾರಬೇಕಾ ಬೇಡವಾ ಅಂತ ಬೆರಳಿಟ್ಟರೆ, ಮತ್ತಾಯನ ಮೊದಲನೇ ಅಧ್ಯಾಯ ಬಂತು. ಇಂಥವನು ಇಂಥವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು ಅಂತ ಬರೀ ವಂಶಾವಳಿ. ಅಜ್ಜಿ ಸ್ವಲ್ಪ ಯೋಚನೆ ಮಾಡಿ, "ಕರು ಹಾಕೋವರೆಗೆ ಇಟ್ಕೊಳ್ಳೋಣ" ಅಂದರು.

ಸುಮ್ನೆ ಬಂದೆ

ಅಜ್ಜಿ ಸೂಪರ್ 😂

ನೀಲಿ ಶಾಯಿ

ಎಲ್ಲರೂ ಚೆನ್ನಾಗಿ ಬರೀತಿದ್ದೀರಿ. ನನ್ನದು ಅಷ್ಟು ಚೆನ್ನಾಗಿಲ್ಲ.

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಗಾಯ ಆಯ್ತು. ಬೂಟು ಕಚ್ಚಿದ್ದು, ಕಡಲೆಕಾಳಷ್ಟು. "ಅವನೊಬ್ಬ ಇದ್ದಾನೆ, ಬೇರೆ ಯಾರೂ ಬೇಡ" ಅಂತ ಆಸ್ಪತ್ರೆಗೆ ಬರಲಿಲ್ಲ. ದಿನಾ ಬೆಳಿಗ್ಗೆ ತೀರ್ಥ ಹಾಕಿ ತೊಳೆದುಕೊಳ್ಳೋರು. ಸಕ್ಕರೆ ಇರೋರಿಗೆ ಕಾಲಿನ ನರ ಜೋಮು ಹಿಡಿದು ನೋವೇ ಗೊತ್ತಾಗಲ್ಲ, ಅದಕ್ಕೇ ಅವರು ವಾಸಿ ಆಗ್ತಿದೆ ಅಂದುಕೊಂಡರು. ಮೂರನೇ ವಾರಕ್ಕೆ ವಾಸನೆ ಬಂತು. ಎರಡು ಬೆರಳು ತೆಗೆದರು.

ಈಗಲೂ ಅವರು ಹೇಳೋದು, ದೇವರು ಕಾಲು ಉಳಿಸಿದ ಅಂತ. ನಾನು ಏನೂ ಮಾತಾಡಲ್ಲ. ಡ್ರೆಸ್ಸಿಂಗ್ ಮಾಡ್ತೀನಿ. ಆದ್ರೆ "ದೇವರೊಬ್ಬನೇ ಸಾಕು" ಅಂತ ಯಾರಾದ್ರೂ ಅಂದಾಗ ನನಗೆ ಹೊಟ್ಟೆಯಲ್ಲಿ ತೊಳಸಿದ ಹಾಗಾಗುತ್ತೆ. ಒಬ್ಬರ ನಂಬಿಕೆಗೆ ಡ್ರೆಸ್ಸಿಂಗ್ ಮಾಡೋರು ಮನೆಯಲ್ಲಿ ಇನ್ನೊಬ್ಬರು ಇರ್ತಾರೆ.

ಜೋಳದ ರೊಟ್ಟಿ ಜಾವೀದ್

ನೀಲಿ ಶಾಯಿ ಅಕ್ಕಾ, ಓದಿ ಬೇಜಾರಾಯ್ತು. ನಿಮ್ಮ ಮಾವನವರು ಬೇಗ ಗುಣ ಆಗಲಿ.

ನಾನು ವಿಜಯಪುರದವನು. ನಮ್ಮಲ್ಲಿ ತವಕ್ಕುಲ್ ಅಂತಾರೆ, ಅಲ್ಲಾಹನ ಮೇಲೆ ಭರವಸೆ ಇಡೋದು. ಒಬ್ಬ ಬಂದು ಪ್ರವಾದಿಯವರನ್ನು ಕೇಳ್ತಾನೆ, ಒಂಟೆ ಕಟ್ಟಿ ಭರವಸೆ ಇಡಲಾ, ಬಿಟ್ಟು ಭರವಸೆ ಇಡಲಾ ಅಂತ. ಕಟ್ಟು, ಆಮೇಲೆ ಭರವಸೆ ಇಡು ಅಂತಾರೆ. ಇದು ಹದೀಸ್‌ನಲ್ಲೇ (ಪ್ರವಾದಿಯವರ ನಡೆನುಡಿಯ ಸಂಗ್ರಹ) ಇದೆ. ಆಸ್ಪತ್ರೆಗೆ ಹೋಗೋದೂ ಹಗ್ಗ ಕಟ್ಟಿದ ಹಾಗೆ ಅಂತ ನಮ್ಮ ಮನೆಯಲ್ಲಿ ಹಿರಿಯರು ಹೇಳ್ತಿದ್ದರು.

ತೋಟದ ಕೂಸು ಅಕ್ಕನ ಪ್ರಶ್ನೆಗೆ ಹತ್ತಿರ ಬರೋದು ಇಸ್ತಿಖಾರಾ. ಎರಡು ರಕಾತ್ (ಸುತ್ತು) ನಮಾಜ್ ಮಾಡಿ ಒಂದು ದುವಾ, ಅಂದ್ರೆ ಪ್ರಾರ್ಥನೆ, ಓದೋದು. ಅದರ ಅರ್ಥ ಹೆಚ್ಚುಕಮ್ಮಿ ಹೀಗೆ: ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಈ ಕೆಲಸ ನನ್ನ ಧರ್ಮಕ್ಕೆ, ಬದುಕಿಗೆ, ಕೊನೆಗೆ ಒಳ್ಳೇದಾಗೋದಿದ್ರೆ ಸುಲಭ ಮಾಡಿಕೊಡು. ಕೆಟ್ಟದಾಗೋದಿದ್ರೆ ಅದನ್ನು ನನ್ನಿಂದ ದೂರ ಮಾಡು, ನನ್ನನ್ನೂ ಅದರಿಂದ ದೂರ ಮಾಡು.

ತುಂಬಾ ಜನ ರಾತ್ರಿ ಕನಸು ಬೀಳುತ್ತೆ ಅಂತ ಕಾಯ್ತಾರೆ. ಹಸಿರು ಕಂಡ್ರೆ ಒಳ್ಳೇದು, ಕಪ್ಪು ಕಂಡ್ರೆ ಕೆಟ್ಟದ್ದು ಅಂತೆಲ್ಲ. ದುವಾದಲ್ಲಿ ಕನಸಿನ ಮಾತೇ ಇಲ್ಲ. ನಾನು ಅಂಗಡಿ ಹಾಕೋವಾಗ ಮೂರು ರಾತ್ರಿ ಮಾಡಿದೆ, ಒಂದು ಕನಸೂ ಬೀಳಲಿಲ್ಲ. ಅಬ್ಬಾಜಾನ್‌ಗೆ ಹೇಳಿದ್ರೆ, "ಅಡ್ವಾನ್ಸ್ ಎಷ್ಟು ಕೇಳ್ತಿದ್ದಾನೆ, ಮುಂದೆ ಪಾರ್ಕಿಂಗ್ ಇದೆಯಾ, ಅದು ನೋಡು" ಅಂದರು. ಮಶ್ವರಾ ಅಂದ್ರೆ ತಿಳಿದವರ ಸಲಹೆ ಕೇಳೋದು. ಅದು ಇಸ್ತಿಖಾರಾದ ಜೊತೆಗೇ ಬರಬೇಕು.

ಪಾರ್ಕಿಂಗ್ ಇರಲಿಲ್ಲ. ಆ ಅಂಗಡಿ ಬಿಟ್ಟೆ.

ಕಲ್ಯಾಣಿ ಮೆಟ್ಟಿಲು

ಮೇಲುಕೋಟೆಯಿಂದ. ನಮ್ಮ ಶ್ರೀವೈಷ್ಣವರಲ್ಲಿ ಇದಕ್ಕೆ ಹಳೇ ಜಗಳವೇ ಇದೆ, ಕೋತಿಮರಿ ಬೆಕ್ಕಿನಮರಿ ಅಂತ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಹಿಡ್ಕೋಬೇಕು. ಬೆಕ್ಕಿನಮರಿ ಸುಮ್ಮನಿರುತ್ತೆ, ತಾಯಿಯೇ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತೆ. ನಮ್ಮಲ್ಲಿ ಎರಡು ಪಂಗಡ: ವಡಗಲೈನವರದು ಕೋತಿ, ತೆಂಗಲೈನವರದು ಬೆಕ್ಕು. ನಮ್ಮ ಮನೆಯಲ್ಲಿ ಅಪ್ಪ ಬೆಕ್ಕು, ಅಮ್ಮ ಕೋತಿ. ಗ್ಯಾಸ್ ಬುಕ್ ಮಾಡೋದೂ ಅಮ್ಮನೇ.

ತಮಾಷೆ ಬಿಡಿ. ಶರಣಾಗತಿ ಅಂದ ಕೂಡಲೇ ಎಲ್ಲರೂ ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕ ಹೇಳ್ತಾರೆ. ಎಲ್ಲ ಬಿಟ್ಟು ನನ್ನೊಬ್ಬನನ್ನೇ ಶರಣು ಹೋಗು ಅನ್ನೋದು. ಅದಕ್ಕಿಂತ ಮೂರು ಶ್ಲೋಕ ಹಿಂದೆ, 63ರಲ್ಲಿ, ಕೃಷ್ಣ ಹೇಳೋದು "ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು". ಇದನ್ನೆಲ್ಲ ಪೂರ್ತಿ ಯೋಚನೆ ಮಾಡು, ಆಮೇಲೆ ನಿನಗೆ ಬೇಕಾದ ಹಾಗೆ ಮಾಡು. ಸಾರಥಿಯಾಗಿ ಎದುರಿಗೇ ಕೂತಿದ್ದಾನೆ, ಅಷ್ಟೂ ಅಧ್ಯಾಯ ಮಾತಾಡಿದ್ದಾನೆ, ಆದರೂ ತೀರ್ಮಾನ ಅರ್ಜುನನ ಕೈಗೇ ಕೊಡ್ತಾನೆ. ನಮ್ಮ ತಾತ ಪಾರಾಯಣದಲ್ಲಿ ಈ ಶ್ಲೋಕ ಬಂದಾಗ ಪುಸ್ತಕ ಮುಚ್ಚಿ ಒಂದು ನಿಮಿಷ ಕೂರ್ತಿದ್ದರು.

ಗಾಳಿಗೋಪುರ

ನಿಮ್ಮೆಲ್ಲರ ಕಥೆಯಲ್ಲೂ ಕೊನೆಗೆ ತೀರ್ಮಾನ ಮಾಡಿದ್ದು ಮನುಷ್ಯರೇ. ಅಜ್ಜಿ, ಅಬ್ಬಾಜಾನ್, ಹೆಂಡತಿ, ಅರ್ಚಕರು. ದೇವರು ಬರೀ ಸಹಿ ಹಾಕಿದ್ದಾನೆ. ನಾನು ಹೇಳೋದೂ ಅದನ್ನೇ, ಸಹಿ ಇಲ್ಲದೆ.

ಬ್ಯಾಡಗಿ ಖಾರ

ಗೋಪುರ ಸರ್, ಸ್ವಲ್ಪ ನಿಲ್ಲಿ. ನಮ್ಮೂರಿಂದ ಕಾಗಿನೆಲೆ ಹತ್ತಿರ. ಕನಕದಾಸರ "ತಲ್ಲಣಿಸದಿರು ಕಂಡ್ಯ ತಾಳು ಮನವೇ" ನಾವು ಹಾಡಿಕೊಂಡೇ ಬೆಳೆದವರು. ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು, ಕಲ್ಲಿನಲ್ಲಿ ಹುಟ್ಟಿ ಕೂಗುವ ಕಪ್ಪೆಗೆ ಆಹಾರ ಕೊಟ್ಟವರು ಯಾರು ಅಂತ ಕೇಳ್ತಾ ಹೋಗುತ್ತೆ. ಮೊನ್ನೆ ಈ ಚರ್ಚೆ ಓದಿ ಮತ್ತೆ ಹಾಡಿಕೊಂಡಾಗ ಒಂದು ವಿಷಯ ಹೊಳೀತು. "ಎಲ್ಲರನು ಸಲಹುವನು" ಅಂತ ದಾಸರು ಹೇಳಿದ್ದಾರೆ. ಎಲ್ಲರಿಗೂ ಸಲಹೆ ಕೊಡುವನು ಅಂತ ಹೇಳಿಲ್ಲ!

ನಾನು ಸಣ್ಣವನಿದ್ದಾಗಿಂದ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಬೆಟ್ಟದ ಮರ ಎಲ್ಲಿ ಹುಟ್ಟಬೇಕು ಅಂತ ಯಾರನ್ನೂ ಕೇಳಲಿಲ್ಲ. ಹುಟ್ಟಿದ ಕಡೆ ನೀರು ಬಂತು, ಅಷ್ಟೇ.

ಆ ಲೆಕ್ಕದಲ್ಲಿ ಅಪ್ಪಯ್ಯನವರು ಮಾರಿದ್ರೂ ಮಾರದಿದ್ರೂ ಅವನು ಕೈಬಿಡೋದಿಲ್ಲ. ಇದಕ್ಕೆ ನೀವು ಹೇಳೋ ಸಹಿ ಅನ್ನೋದು ಸರಿಯಾದ ಮಾತಲ್ಲ. ಸಹಿ ಬೀಳದಿದ್ರೂ ಕೈ ನಡುಗದ ಹಾಗೆ ಇರೋದು ಅದು.

ಗಾಳಿಗೋಪುರ

ಮರ ಒಣಗೋದೂ ಉಂಟಲ್ಲ ಸರ್. ಬೆಟ್ಟದ ಮೇಲೆ ಒಣಗಿದ ಮರ ನಾನು ಬೇಕಾದಷ್ಟು ನೋಡಿದೀನಿ. ಅದಕ್ಕೆ ಏನು ಹೇಳ್ತೀರಿ?

ಬ್ಯಾಡಗಿ ಖಾರ

ಅದಕ್ಕೆ ಉತ್ತರ ಇದ್ದಿದ್ರೆ ನಾನೂ ಒಂದು ಕೀರ್ತನೆ ಬರೀತಿದ್ದೆ. ನನ್ನ ಮೆಣಸಿನಕಾಯಿ ಎರಡು ವರ್ಷ ಒಣಗಿದೆ, ನನಗೂ ಗೊತ್ತು. ಹಾಡೋದು ಬಿಡೋಕಾಗಿಲ್ಲ.

ನೀಲಿ ಶಾಯಿ

ಸಲಹು, ಸಲಹೆ. ಇದನ್ನು ಬರೆದಿಟ್ಟುಕೊಂಡೆ. ನಮ್ಮ ಮಾವನವರಿಗೆ ಓದಿ ಹೇಳ್ತೀನಿ, ಮುನಿಸಿಕೊಂಡರೂ ಪರವಾಗಿಲ್ಲ.

ಹುಬ್ಬಳ್ಳಿ ಅಜ್ಜ

"ನಂಬಿ ಕರೆದಡೆ ಓ ಎನ್ನನೆ ಶಿವನು" ಅಂತಾರೆ ಬಸವಣ್ಣ. ನೋಡ್ರಿ, ಓ ಅಂತಾನೆ ಅಂದರ. ಹೌದು, ಇಲ್ಲ ಅಂತಾನೆ ಅನ್ನಲಿಲ್ಲ. ಬ್ಯಾಡಗಿಯವರ ಮಾತಿಗೆ ಇದು ಜೊತೆಗೂಡ್ತದೆ ಅಂತ ಹಾಕಿದೆ.

ತೋಟದ ಕೂಸು

ಎಲ್ಲರಿಗೂ ಉತ್ತರ ಕೊಡೋಕಾಗ್ತಿಲ್ಲ, ಬೇಜಾರು ಮಾಡ್ಕೋಬೇಡಿ. ಎಲ್ಲ ಓದಿದೀನಿ. ಎರಡು ಸಲ.

ಅಪ್ಪಯ್ಯನಿಗೆ ಫೋನ್ ಮಾಡಿ ಏನು ಕೇಳಿದಿರಿ ಅಂದೆ. ಮೊದಲು ಹೇಳಲಿಲ್ಲ. ಆಮೇಲೆ ಹೇಳಿದರು. ತೋಟದ ಪ್ರಶ್ನೆಯನ್ನೇ ಕೇಳಿರಲಿಲ್ಲ. "ಮಗಳಿಗೆ ಬಾ ಅಂತ ಹೇಳಲಾ?" ಅಂತ ಕೇಳಿದ್ದರಂತೆ.

ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೂಕಾಲು ಗಂಟೆ.

ಗಂಧದ ಕೈ ಅವರೇ, ನೀವು ಕೇಳದಿದ್ರೆ ನಾನೂ ಕೇಳ್ತಿರಲಿಲ್ಲ.

ಗಂಧದ ಕೈ

ಅಪ್ಪನಿಗೆ ಇದನ್ನು ಓದಿ ಹೇಳಿದೆ. "ಆ ಅರ್ಚಕರಿಗೆ ಜಗಲಿ ಇಲ್ವಾ?" ಅಂತ ಕೇಳಿದರು.

ಭಾನುವಾರದ ಟೀಚರ್

ಅಯ್ಯೋ. ನೀವು ಏನು ಹೇಳಿದಿರಿ ಅವರಿಗೆ?

ತೋಟದ ಕೂಸು

ಕೆಲಸ ಈಗಲೇ ಬಿಡೋಕಾಗಲ್ಲ, ಮನೆ ಸಾಲ ಇದೆ ಅಂತ ಇದ್ದಿದ್ದನ್ನೇ ಹೇಳಿದೆ. ಆಫೀಸಲ್ಲಿ ಕೇಳಿ ಮಳೆಗಾಲ ಪೂರ್ತಿ ಊರಿಂದ ಕೆಲಸ ಮಾಡೋಕೆ ಒಪ್ಪಿಗೆ ತಗೊಂಡಿದೀನಿ. ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲಿನ ಚಿಕ್ಕಮ್ಮನ ಮನೆಯಲ್ಲಿ ಮಾತ್ರ, ಅಲ್ಲಿ ಒಂದು ಮೇಜು ಹಾಕಿಸ್ತಿದ್ದಾರೆ. ಮಾರೋ ಮಾತು ಮುಂದಿನ ಕೊಯ್ಲಿನವರೆಗೆ ಬೇಡ ಅಂತ ಆಯ್ತು. ದೊಡ್ಡಪ್ಪನ ಮಗನಿಗೆ ಇದು ಇಷ್ಟ ಇಲ್ಲ.

ನಿನ್ನೆ ಅಪ್ಪಯ್ಯ ಮತ್ತೆ ದೇವಸ್ಥಾನಕ್ಕೆ ಹೋಗಿದ್ದರಂತೆ. ಅರ್ಚಕರು ಹೂವು ತೆಗೆದುಕೊಂಡರೆ, ಬೇಡ, ಕುಂಕುಮ ಕೊಡಿ ಸಾಕು ಅಂದರಂತೆ. ಇದು ಅಮ್ಮ ಹೇಳಿದ್ದು. ಅಪ್ಪಯ್ಯ ಫೋನಲ್ಲಿ ಹೇಳಿದ್ದು ಇಷ್ಟೇ: ಕೊನೆಗೌಡ (ಅಡಿಕೆ ಮರ ಹತ್ತೋನು) ಸೋಮವಾರ ಕೊಳೆಗೆ ಮದ್ದು ಹೊಡೆಯೋಕೆ ಬರ್ತಾನೆ, ಮೈಲುತುತ್ತು ತಂದಾಗಿದೆ, ನೀ ಶನಿವಾರ ಬಂದ್ರೆ ಸಾಕು.

ಬ್ಯಾಡಗಿ ಖಾರ

ಮೈಲುತುತ್ತಿನ ಜೊತೆ ಬೆರೆಸೋಕೆ ಸುಣ್ಣ ತಂದಿದ್ದಾರಾ? ಹಳೇ ಸುಣ್ಣ ಹಾಕಬೇಡಿ, ಮದ್ದು ಹದಕ್ಕೆ ಬರೋದಿಲ್ಲ.

ತೋಟದ ಕೂಸು

ಕೇಳಿ ಹೇಳ್ತೀನಿ.